ಅರ್ಧ ಅಂಕದ ಮೇಷ್ಟ್ರು ಹಾಡುಪೆಟ್ಟಿಗೆ ಆರಿಸಿದ್ದು

ಲೋಕದಲ್ಲಿ ಯಾವುದೂ ನೂರಕ್ಕೆ ನೂರು ಅಲ್ಲ ಎಂಬುದು ಭೂಗೋಳದ ಮೇಷ್ಟ್ರ ಸಿದ್ಧಾಂತ. ಭೂಮಿಯೇ ಪೂರ್ತಿ ಗುಂಡಗಿಲ್ಲ, ಧ್ರುವಗಳ ಹತ್ತಿರ ಸ್ವಲ್ಪ ಚಪ್ಪಟೆ. ಇನ್ನು ಅದರ ಮೇಲೆ ಓಡಾಡುವವರಿಗೆ ಪೂರ್ತಿ ಅಂಕ ಕೊಡುವುದು ಹೇಗೆ ಎಂದು ಅವರು ಕೇಳುತ್ತಿದ್ದರು. ಹುಡುಗರು ಎಷ್ಟೇ ಅಚ್ಚುಕಟ್ಟಾಗಿ ನಕ್ಷೆ ಬಿಡಿಸಲಿ, ಮೂಲೆಯಲ್ಲಿ ಉತ್ತರ ದಿಕ್ಕಿನ ಬಾಣ ಹಾಕಿಲ್ಲವೆಂದು ಅರ್ಧ ಅಂಕ ಕಡಿತವಾಗುತ್ತಿತ್ತು. ("ಉತ್ತರವನ್ನೆಲ್ಲ ಬರೆದು ಉತ್ತರವನ್ನೇ ಮರೆತಿದ್ದೀಯಲ್ಲೋ" ಎಂಬ ಅವರ ಹಾಸ್ಯಕ್ಕೆ ಆ ಶಾಲೆಯಲ್ಲಿ ಎರಡು ತಲೆಮಾರು ನಕ್ಕಿವೆ. ನಗದವರಿಗೆ ಇನ್ನರ್ಧ ಹೋಗುತ್ತಿತ್ತೆಂದು ಪ್ರತೀತಿ.) ಬಾಣ ಹಾಕಿದವರಿಗೆ ಬಾಣ ದಪ್ಪವಾಯಿತೆಂದು ಹೋಗುತ್ತಿತ್ತು. ಹೀಗಾಗಿ ಅವರಿಗೆ ಅರ್ಧ ಅಂಕದ ಮೇಷ್ಟ್ರು ಎಂಬ ಹೆಸರು ಬಿದ್ದಿತ್ತು. ಬೇರೆಯವರಾಗಿದ್ದರೆ ನೊಂದುಕೊಳ್ಳುತ್ತಿದ್ದರು, ಮೇಷ್ಟ್ರು ಅದನ್ನು ಬಿರುದಿನಂತೆ ಹೊತ್ತುಕೊಂಡು ಎದೆ ಸೆಟೆಸಿ ಓಡಾಡುತ್ತಿದ್ದರು.

ಶಾಲೆಯಲ್ಲಿ ಇಷ್ಟಾದಮೇಲೆ ಮನೆಯಲ್ಲಿ ಬಿಟ್ಟಾರೆಯೇ. ಬೆಳಗಿನ ಚಹಾಕ್ಕೆ ಹತ್ತಕ್ಕೆ ಏಳೂವರೆ. ಇಸ್ತ್ರಿಗೆ ಎಂಟು, ಕಾಲರಿನ ತುದಿ ಮಡಚಿದ್ದರೆ ಏಳೂವರೆ. ಬಾಗಿಲು ತೆಗೆಯಲು ತಡವಾದರೆ ಅದಕ್ಕೂ ಕಡಿತ. ಹೆಂಡತಿ ಹೊಸದರಲ್ಲಿ ಒಂದೆರಡು ಸಲ ಅತ್ತರಂತೆ. ಆಮೇಲೆ, ಅಂಕ ನಿಮ್ಮ ಹತ್ತಿರ ಇರಲಿ, ಅಂಕೆ ನನ್ನ ಹತ್ತಿರ ಇರುತ್ತೆ ಎಂದು ಹೇಳಿ ಬೀರುವಿನ ಬೀಗದ ಕೈಯನ್ನೂ ಮನೆಯ ಉಳಿದ ವ್ಯವಹಾರವನ್ನೂ ತಾವೇ ವಹಿಸಿಕೊಂಡರು. ಆಕೆಗೆ ಶಿಶುವಿಹಾರದಲ್ಲಿ ಕೆಲಸ. ಅಳುವ ಮಕ್ಕಳನ್ನು ಸಂಭಾಳಿಸುವುದು ಆಕೆಗೆ ಅಲ್ಲಿಯೂ ಇಲ್ಲಿಯೂ ಅಭ್ಯಾಸವಾಗಿತ್ತು.

ಇಂಥ ಮನೆಗೆ ಆ ವರ್ಷ, ಸರಿಯಾಗಿ ಪರೀಕ್ಷೆಯ ಕಾಲಕ್ಕೇ, ಒಂದು ಸಂಕಟ ಒದಗಿತು. ಅತ್ತೆಯವರ ಮಂಡಿಗೆ ಆಪರೇಷನ್ ಆಯಿತು. ಆಪರೇಷನ್ನೇನೋ ಚೆನ್ನಾಗಿಯೇ ಆಯಿತು (ಡಾಕ್ಟರಿಗೆ ಮೇಷ್ಟ್ರು ಎಂಟೂವರೆ ಕೊಟ್ಟರು, ಹೊಲಿಗೆ ಸ್ವಲ್ಪ ಓರೆ), ಆದರೆ ಒಂದು ತಿಂಗಳು ಕಾಲು ಚಾಚಿ ಮಲಗಿರಬೇಕೆಂದು ಅಪ್ಪಣೆಯಾಯಿತು. ಜೀವಮಾನವಿಡೀ ಕಾಲಿಗೆ ಚಕ್ರ ಕಟ್ಟಿಕೊಂಡು ತಿರುಗಿದ ಹೆಂಗಸು ಅವರು. ಮಾವನವರು ಗಡಿಯಾರ ರಿಪೇರಿ ಮಾಡಿ ನಿವೃತ್ತರಾದವರು. ಅಡುಗೆ ಮಾಡುತ್ತಿದ್ದರು, ಹೊತ್ತಿಗೆ ಸರಿಯಾಗಿ ಮಾತ್ರೆ ಕೊಡುತ್ತಿದ್ದರು, ಮಾತನ್ನು ಮಾತ್ರ ಗೋಡೆಗಡಿಯಾರದಂತೆ ಗಂಟೆಗೊಮ್ಮೆ ಹೊಡೆಯುತ್ತಿದ್ದರು. ಕಾಲಿನ ನೋವು ತಡೆದುಕೊಂಡೇನು, ಈ ಬೇಸರದ ನೋವು ತಡೆಯಲಾರೆ ಎಂದು ಅತ್ತೆ ದಿನವೂ ಫೋನಿನಲ್ಲಿ ಗೋಳುಗರೆಯತೊಡಗಿದರು.

ಮೊದಲ ವಾರ ಮೇಷ್ಟ್ರ ನಾದಿನಿ, ಎಂದರೆ ಹೆಂಡತಿಯ ತಂಗಿ, ರಜೆ ಹಾಕಿ ಅಮ್ಮನ ಜೊತೆಗಿದ್ದಳು. ರಜೆ ಮುಗಿಯಿತು. ಈಗ ಸರದಿ ಹಿರಿಯ ಮಗಳದು, ಶಿಶುವಿಹಾರಕ್ಕೂ ರಜೆ ಬಿಟ್ಟಿತ್ತು. ಹೆಂಡತಿ ಅಟ್ಟದ ಮೇಲಿನ ಸೂಟ್‌ಕೇಸನ್ನು ಕೆಳಗಿಳಿಸಿ ಧೂಳು ಒರೆಸುತ್ತಿದ್ದುದನ್ನು ಮೇಷ್ಟ್ರು ಕಂಡರು. ಭೂಕಂಪದ ಲಕ್ಷಣಗಳನ್ನು ಇಪ್ಪತ್ತು ವರ್ಷ ಪಾಠ ಮಾಡಿದ್ದರೂ ಸ್ವಂತ ಕಾಲಡಿಯಲ್ಲಿ ಅನುಭವಿಸಿದ್ದು ಅದೇ ಮೊದಲು.

"ನೀನು ಹೋದ್ರೆ ಇಲ್ಲಿ ಗತಿ ಏನು?" ಎಂದರು.

"ಯಾರ ಗತಿ?"

"ಉತ್ತರಪತ್ರಿಕೆಗಳ ಗತಿ. ಕಂತೆ ಕಂತೆ ಬಂದು ಬಿದ್ದಿದೆ. ಹೊತ್ತುಹೊತ್ತಿಗೆ ಚಹಾ ಇಲ್ದೆ ತಿದ್ದಿದ್ರೆ ಮಕ್ಕಳಿಗೆ ಅನ್ಯಾಯ ಆಗುತ್ತೆ."

"ಚಹಾ ಕುಡಿದು ತಿದ್ದಿದ್ರೂ ಆಗ್ತಿರೋದು ಅದೇ ತಾನೇ."

ಅಮ್ಮ ಒಬ್ಬಳೇ ಮಲಗಿ ಗೋಡೆ ನೋಡುತ್ತಿದ್ದಾಳೆ, ನನಗೆ ಇಲ್ಲಿ ಅನ್ನ ಸೇರುತ್ತಿಲ್ಲ ಎನ್ನುತ್ತ ಆಕೆ ಒರೆಸಿದ ಸೂಟ್‌ಕೇಸನ್ನೇ ಮತ್ತೆ ಒರೆಸಿದರು. ಮೇಷ್ಟ್ರು ಕೆಟ್ಟವರೇನಲ್ಲ. ಅವರಿಗೂ ಪಾಪ ಎನ್ನಿಸಿತು. ಆದರೆ ಹೆಂಡತಿಯಿಲ್ಲದ ಒಂದು ತಿಂಗಳನ್ನು ಮನಸ್ಸಿನಲ್ಲೇ ನಕ್ಷೆ ಬಿಡಿಸಿ ನೋಡಿದರು. ಅದು ಪೂರ್ತಿ ಮರುಭೂಮಿಯಾಗಿ ಕಂಡಿತು. ಆಗಲೇ ಅವರಿಗೆ ಆ ಮಹಾ ಉಪಾಯ ಹೊಳೆದದ್ದು. ಅತ್ತೆಗೆ ಬೇಕಾಗಿರುವುದು ಬೇಸರ ಕಳೆಯುವ ಸಾಧನ. ಬೇಸರ ಕಳೆಯಲು ಹಾಡಿಗಿಂತ ಮಿಗಿಲಾದದ್ದು ಉಂಟೇ. ಅಂಗೈಯಲ್ಲಿ ಹಿಡಿಯುವ ಹಾಡುಪೆಟ್ಟಿಗೆ ಒಂದನ್ನು ಅಳಿಯಂದಿರ ಕೊಡುಗೆಯಾಗಿ ಕಳುಹಿಸಿಕೊಟ್ಟರೆ ಮಗಳು ಹೋಗುವ ಅಗತ್ಯವೇ ಬೀಳುವುದಿಲ್ಲ. (ಮೊಬೈಲೆಂದರೆ ಬರೀ ಮಾತಾಡಲಿಕ್ಕೆ ಎಂದಿದ್ದ ಕಾಲ ಅದು. ಹಾಡಿಗೆ ಬೇರೆ ಪೆಟ್ಟಿಗೆ, ಫೋಟೋಗೆ ಬೇರೆ ಪೆಟ್ಟಿಗೆ ಇರುತ್ತಿದ್ದವು. ಮನುಷ್ಯನಿಗೆ ಜೇಬು ಸಾಲುತ್ತಿರಲಿಲ್ಲ.)

ಷಡ್ಡಕನಿಗೆ ಫೋನ್ ಹೋಯಿತು. ನಾದಿನಿಯ ಗಂಡನಾದ ಈ ಷಡ್ಡಕ ಲಿಫ್ಟ್ ರಿಪೇರಿಯವನು. ಜೀವನದ ಏರಿಳಿತಗಳನ್ನು ತನ್ನಷ್ಟು ಕಂಡವರಿಲ್ಲ ಎಂದು ಹೇಳಿಕೊಂಡು ತಿರುಗುತ್ತಿದ್ದ. ಒಬ್ಬ ಎಲ್ಲವನ್ನೂ ಅಳೆಯುತ್ತಾನೆ, ಇನ್ನೊಬ್ಬ ಮೇಲಕ್ಕೂ ಕೆಳಕ್ಕೂ ಎಳೆಯುತ್ತಾನೆ. ಆದ್ದರಿಂದ ಅತ್ತೆ ಹಿರಿಯವನನ್ನು ಅಳೆಯುವ ಅಳಿಯ, ಕಿರಿಯವನನ್ನು ಎಳೆಯುವ ಅಳಿಯ ಎಂದು ಬೆನ್ನ ಹಿಂದೆ ಕರೆಯುತ್ತಿದ್ದರು. ಒಂದು ವಾರ ತಾನೇ ಬೇಯಿಸಿದ್ದನ್ನು ತಾನೇ ತಿಂದು ಸೊರಗಿದ್ದ ಷಡ್ಡಕ ಉಪಾಯವನ್ನು ಕೇಳಿದ್ದೇ ತಡ, ಭಾವ ಎಂದರೆ ನೀವೇ ಭಾವ ಎಂದು ಒಪ್ಪಿಬಿಟ್ಟ. ಅಕ್ಕ ಹೋಗದಿದ್ದರೆ ಮತ್ತೆ ತನ್ನ ಹೆಂಡತಿಗೇ ಕರೆ ಬರುತ್ತದೆಂಬ ಭಯ ಅವನದು.

ಒಪ್ಪಂದ ಅಂಗಡಿಯ ಬಾಗಿಲ ತನಕ ಬಾಳಿತು. ಒಳಗೆ ಗಾಜಿನ ಕಪಾಟಿನಲ್ಲಿ ಬಗೆಬಗೆಯ ಪೆಟ್ಟಿಗೆಗಳನ್ನು ಕಂಡದ್ದೇ ಷಡ್ಡಕರಿಬ್ಬರೂ ಉತ್ತರಧ್ರುವ ದಕ್ಷಿಣಧ್ರುವವಾದರು. ಮೇಷ್ಟ್ರ ಕಣ್ಣು ಬೆಂಕಿಪೊಟ್ಟಣದಷ್ಟಿದ್ದ ಒಂದು ಪುಟ್ಟ ಪ್ಲೇಯರಿನ ಮೇಲೆ ನಿಂತಿತು. ಅದಕ್ಕೆ ಹಾಡಿನ ಹೆಸರು ಕಾಣುವಷ್ಟೇ ಪರದೆ, ಅತ್ತೆಯ ಬೆರಳಿಗೆ ಸಿಗುವಂಥ ಗುಂಡಿಗಳು, ಒಮ್ಮೆ ಚಾರ್ಜ್ ಮಾಡಿದರೆ ದಿನಗಟ್ಟಲೆ ಹಾಡುವ ತ್ರಾಣ. ಷಡ್ಡಕ ಅಂಗೈ ಅಗಲದ ವಿಡಿಯೋ ಪ್ಲೇಯರನ್ನು ಎತ್ತಿ ಮುದ್ದಾಡತೊಡಗಿದ. ಅದರಲ್ಲಿ ಹಾಡೂ ಬರುತ್ತಿತ್ತು, ಹಾಡುವವರೂ ಬರುತ್ತಿದ್ದರು, ಇಡೀ ಸಿನಿಮಾವೇ ಬರುತ್ತಿತ್ತು.

ಕೇಳಿದ್ದು ಸಂಗೀತ, ಚಿತ್ರ ಬಿಡಿಸು ಎಂದು ಯಾರು ಕೇಳಿದರು ಎಂದರು ಮೇಷ್ಟ್ರು. ಪ್ರಶ್ನೆಯಲ್ಲಿ ಇಲ್ಲದ್ದನ್ನು ಪುಟಗಟ್ಟಲೆ ಬರೆದವರಿಗೆ ಅವರು ಎಂದೂ ಅಂಕ ಕೊಟ್ಟವರಲ್ಲ. ಅದೂ ಅಲ್ಲದೆ ಆ ಬ್ಯಾಟರಿ ಎಷ್ಟು ಹೊತ್ತು ಬರುತ್ತದೆಂದು ಅಂಗಡಿಯವನನ್ನು ಪಾಟೀಸವಾಲು ಮಾಡಿ, ಸಿನಿಮಾದಲ್ಲಿ ಖಳನಾಯಕ ಸಾಯುವುದಕ್ಕೆ ಮುಂಚೆ ಬ್ಯಾಟರಿ ಸಾಯುತ್ತದೆ, ಅತ್ತೆಗೆ ಆ ಚಿಂತೆಯಲ್ಲೇ ನಿದ್ದೆ ಕೆಡುತ್ತದೆ ಎಂದು ತೀರ್ಪಿತ್ತರು. ಅತ್ತೆಗೆ ನೋವಿರುವುದು ಕಾಲಿಗೆ, ಕಣ್ಣು ಚೆನ್ನಾಗಿಯೇ ಇದೆಯಲ್ಲ ಎಂದ ಷಡ್ಡಕ. ನಿಮ್ಮದು ಕುರುಡು ಪೆಟ್ಟಿಗೆ ಎಂದೂ ಸೇರಿಸಿದ. ಪರದೆ ಚೆನ್ನಾಗಿದ್ದ ಮಾತ್ರಕ್ಕೆ ಕಂಠ ಚೆನ್ನಾಗಿರಬೇಕೆಂದಿಲ್ಲ, ಶಂಖ ಬೆಳ್ಳಗಿದ್ದರೆ ಸಾಲದು, ಊದಿದರೆ ಗೊತ್ತಾಗುತ್ತದೆ ಎಂದು ಮೇಷ್ಟ್ರು ತಿರುಗೇಟು ಕೊಟ್ಟರು. ಎರಡನ್ನೂ ಮತ್ತೆ ಮತ್ತೆ ಕಿವಿಗೆ ಹಚ್ಚಿ, ಕೈಯಲ್ಲಿ ತೂಗಿ, ಮೂಗಿನ ಹತ್ತಿರವೂ ಹಿಡಿದು ನೋಡುತ್ತಿದ್ದ ಇವರನ್ನು ಕಂಡು ಅಂಗಡಿಯವನು ಒಂದು ಹಂತದಲ್ಲಿ ಸ್ಟೂಲ್ ಹಾಕಿಕೊಂಡು ಊಟಕ್ಕೆ ಕುಳಿತುಬಿಟ್ಟ.

ಕಡೆಗೆ ಯಾರೂ ಸೋಲಲಿಲ್ಲ. ತಮ್ಮ ತಮ್ಮ ಪೆಟ್ಟಿಗೆಯನ್ನು ತಾವೇ ಕೊಂಡರು. ಭಾನುವಾರ ಮೇಷ್ಟ್ರ ಮನೆಯಲ್ಲಿ ಎರಡನ್ನೂ ಪರೀಕ್ಷೆಗೆ ಒಡ್ಡುವುದು, ಗೆದ್ದದ್ದು ಅತ್ತೆಯ ಬಳಿಗೆ ಹೋಗುವುದು, ಸೋತದ್ದು ಕೊಂಡವರ ಮನೆಯಲ್ಲೇ ಬಿದ್ದಿರುವುದು ಎಂದು ಮಾತಾಯಿತು. ಮೌಲ್ಯಮಾಪಕರು ಯಾರೆಂಬ ಪ್ರಶ್ನೆ ಏಳಲೇ ಇಲ್ಲ. ತಮ್ಮ ಪೆಟ್ಟಿಗೆಗೆ ತಾವೇ ಅಂಕ ಕೊಟ್ಟುಕೊಳ್ಳುತ್ತೀರಲ್ಲ ಎಂದು ಷಡ್ಡಕ ಗೊಣಗಿದ್ದಕ್ಕೆ ಮೇಷ್ಟ್ರು ನಿಜವಾಗಿ ನೊಂದುಕೊಂಡರು. ಸ್ವಂತ ತಮ್ಮನನ್ನು ಭೂಗೋಳದಲ್ಲಿ ನಪಾಸು ಮಾಡಿದ ಕೈ ಇದು ಎಂದು ಬಲಗೈಯನ್ನು ಚಾಚಿ ತೋರಿಸಿದರು.

ಭಾನುವಾರ ಮಧ್ಯಾಹ್ನದ ಏರ್ಪಾಟನ್ನು ನೋಡಬೇಕಿತ್ತು. ಮೇಷ್ಟ್ರು ಹೊರಗಿನ ಕೋಣೆಯಲ್ಲಿ ಒಳಬಾಗಿಲಿಗೆ ಬೆನ್ನು ಹಾಕಿ ಕುರ್ಚಿಯ ಮೇಲೆ ಆಸೀನರಾದರು. ಬಾಗಿಲಿಗೆ ಪರದೆ ಇಳಿಬಿಟ್ಟಾಯಿತು. ಪರದೆಯ ಆಚೆ ಷಡ್ಡಕ, ಎರಡು ಪೆಟ್ಟಿಗೆ, ಎರಡಕ್ಕೂ ಸೇರಿ ಒಂದೇ ಪುಟ್ಟ ಸ್ಪೀಕರು. ಹೆಂಡತಿಯೂ ಆಚೆಯೇ ಇದ್ದರು, ಒಗೆದು ಒಣಗಿದ ಬಟ್ಟೆಯ ಗುಡ್ಡೆ ಮಡಚುವುದಿತ್ತು. ಪ್ರಶ್ನೆಪತ್ರಿಕೆ ಎರಡಕ್ಕೂ ಒಂದೇ: ಅತ್ತೆಗೆ ಪ್ರಿಯವಾದ, ಮಗು ಮಲಗಿಸುವ ಒಂದು ಹಳೆಯ ಹಾಡು. ಮೇಷ್ಟ್ರು ಕೆಂಪು ಪೆನ್ನು ಬಿಚ್ಚಿ, ಗಂಟಲು ಸರಿಮಾಡಿಕೊಂಡು ನಿಯಮಗಳನ್ನು ಸಾರಿದರು. ಪ್ರಥಮ ಸ್ಥಾನ ಬಂದದ್ದು ಯಾವುದೇ ಆಗಿರಲಿ, ಯಾರದ್ದೇ ಆಗಿರಲಿ, ಅದೇ ದಿನ ಅತ್ತೆಯ ಮನೆಗೆ ಹೊರಡತಕ್ಕದ್ದು. ಒಮ್ಮೆ ಘೋಷಿಸಿದ ಅಂಕಗಳನ್ನು ಯಾವ ಕಾರಣಕ್ಕೂ ತಿದ್ದತಕ್ಕದ್ದಲ್ಲ. ಇದು ಷಡ್ಡಕನಿಗೆ ಹಾಕಿದ ಬೇಲಿ. ಸೋತಮೇಲೆ ಅವನು ರಾಗ ಎಳೆಯುತ್ತಾನೆಂದು ಅವರಿಗೆ ಗೊತ್ತಿತ್ತು.

ಮೊದಲ ಪೆಟ್ಟಿಗೆ ಹಾಡಿತು. ಎಪ್ಪತ್ತೊಂದೂವರೆ ಎಂದರು ಮೇಷ್ಟ್ರು, ತಂತಿವಾದ್ಯ ಸ್ವಲ್ಪ ತಗಡಿನಂತೆ ಕೇಳುತ್ತದೆ. ಎರಡನೆಯದು ಹಾಡಿತು. ಎಪ್ಪತ್ಮೂರು, ತಬಲ ಪರವಾಗಿಲ್ಲ. ವ್ಯತ್ಯಾಸ ಇಷ್ಟು ಕಡಿಮೆಯಾದಾಗ ನಿಷ್ಠಾವಂತನಾದ ಮೌಲ್ಯಮಾಪಕ ಮಾಡುವುದನ್ನೇ ಅವರೂ ಮಾಡಿದರು. ಕ್ರಮ ಬದಲಾಯಿಸಿ, ಯಾವುದು ಯಾವುದೆಂದು ಹೇಳದೆ, ಎರಡನ್ನೂ ಮತ್ತೊಮ್ಮೆ ಕೇಳಿಸಬೇಕೆಂದು ಆಜ್ಞಾಪಿಸಿದರು. ತಮ್ಮ ಕಿವಿಯನ್ನು ತಾವೇ ಪರೀಕ್ಷೆಗೆ ಒಡ್ಡಿಕೊಳ್ಳುವ ಧೈರ್ಯ ಎಷ್ಟು ಜನಕ್ಕಿದೆ ಎಂದು ಒಳಗೊಳಗೇ ಬೀಗಿದರು.

ಎರಡನೇ ಸುತ್ತಿನ ಮೊದಲ ಹಾಡು ಬಂತು. ಎಪ್ಪತ್ತೊಂದೂವರೆ ಎಂದರು ಥಟ್ಟನೆ. ಪರದೆಯ ಆಚೆಯಿಂದ ಷಡ್ಡಕನ ನಿಟ್ಟುಸಿರು ಕೇಳಿಸಿತು, ಇದು ಅವನದು, ಮುಂದಿನದು ತಮ್ಮದು ಎಂದು ಮೇಷ್ಟ್ರು ಲೆಕ್ಕ ಹಾಕಿದರು. ಆಮೇಲೆ ಏನೋ ಕಿಟಿಕಿಟಿ, ಏನೋ ಗುಸುಗುಸು. ಆಮೇಲೆ ಹಾಡು ಶುರುವಾಯಿತು.

ಮೇಷ್ಟ್ರು ಕುರ್ಚಿಯಲ್ಲಿ ನೆಟ್ಟಗಾದರು. ಇದು ಬೇರೆಯೇ ಮಟ್ಟದ ಯಂತ್ರ. ತಗಡಿನ ತಂತಿವಾದ್ಯ, ತಬಲ, ಎಲ್ಲವನ್ನೂ ಎಲ್ಲೋ ಹಿಂದಕ್ಕೆ ತಳ್ಳಿ ದನಿಯೊಂದನ್ನೇ ಮುಂದಕ್ಕೆ ತಂದು ನಿಲ್ಲಿಸಿತ್ತು. ಸಾಲು ಸಾಲಿನ ನಡುವೆ ಉಸಿರು ತೆಗೆದುಕೊಳ್ಳುವುದೂ ಕೇಳುತ್ತಿತ್ತು. ಯಾರೋ ತೀರ ಹತ್ತಿರ ಕುಳಿತು, ಅವಸರವೇ ಇಲ್ಲದೆ, ತಲೆ ನೇವರಿಸುತ್ತ ಹಾಡಿದಂತಿತ್ತು. ಎರಡನೇ ಚರಣದಲ್ಲಿ ಒಂದು ಪದ ಬರುವಲ್ಲಿ ಪೆಟ್ಟಿಗೆ ಲಾ ಲಾ ಎಂದಿತು. ಹೊಸ ತಂತ್ರಜ್ಞಾನವಿರಬಹುದೆಂದು ಮೇಷ್ಟ್ರು ಅದನ್ನು ಮನ್ನಿಸಿದರು. ಕೆಂಪು ಪೆನ್ನು ಹಿಡಿದು ಅರ್ಧ ಅಂಕ ಎಲ್ಲಿ ಕಡಿಯಲಿ ಎಂದು ಹುಡುಕಿದರು, ಎಲ್ಲಿಯೂ ಜಾಗ ಸಿಗಲಿಲ್ಲ. ಉತ್ತರಪತ್ರಿಕೆಗಳ ಕಂತೆ, ಏಳೂವರೆಯ ಚಹಾ, ಷಡ್ಡಕನ ಪೈಪೋಟಿ, ಎಲ್ಲ ಮರೆತುಹೋಗಿ ಅವರ ಕಣ್ಣು ತುಂಬಿತು. ಇಂಥದ್ದು ಪಕ್ಕದಲ್ಲಿದ್ದರೆ ಅತ್ತೆಗೆ ತಿಂಗಳಲ್ಲ, ವರ್ಷವೇ ಕಳೆದದ್ದು ಗೊತ್ತಾಗಲಾರದು ಎನ್ನಿಸಿತು. ಇಂಥ ಪೆಟ್ಟಿಗೆಯನ್ನು ಅಂಗಡಿ ತುಂಬ ಇದ್ದ ಪೆಟ್ಟಿಗೆಗಳ ನಡುವೆ ಆರಿಸಿದ ತಮ್ಮ ಕಿವಿಯ ಬಗ್ಗೆ ಅವರಿಗೆ ಹೇಳತೀರದಷ್ಟು ಹೆಮ್ಮೆಯಾಯಿತು.

ಹಾಡು ಮುಗಿಯಿತು. ಮೇಷ್ಟ್ರು ಎದ್ದು ನಿಂತು, ಬೀದಿಗೆ ಕೇಳುವಂತೆ, ತಮ್ಮ ಸೇವಾವಧಿಯಲ್ಲಿ ಎಂದೂ ಆಡದ ಮಾತನ್ನು ಆಡಿದರು.

"ನೂರಕ್ಕೆ ನೂರು."

ಆಚೆಯಿಂದ ಚಪ್ಪಾಳೆ ಬರಲಿಲ್ಲ. ಷಡ್ಡಕ ಪರದೆ ಸರಿಸಿ ತಲೆ ಹೊರಗಿಟ್ಟ. ಅವನ ಕೈಯಲ್ಲಿ ಮೇಷ್ಟ್ರ ಪುಟ್ಟ ಪೆಟ್ಟಿಗೆ ಇತ್ತು, ಅದರ ಪರದೆಯ ಮೇಲೆ ಯಾವುದೋ ದೇಶದ ಲಿಪಿ ಮಿಣಮಿಣ ಎನ್ನುತ್ತಿತ್ತು.

"ಭಾವ, ಸ್ವಲ್ಪ ತಡೀರಿ. ಯಾವುದೋ ಗುಂಡಿ ಒತ್ಬಿಟ್ಟೆ, ಭಾಷೆ ಬದಲಾಗಿಹೋಯ್ತು. ನಿಮ್ಮ ಪೆಟ್ಟಿಗೆ ಇನ್ನೂ ಶುರುವೇ ಆಗಿಲ್ಲ."

"ಹಾಗಾದ್ರೆ ಈಗ ಹಾಡಿದ್ದು?"

ಷಡ್ಡಕ ಪರದೆಯನ್ನು ಇನ್ನಷ್ಟು ಸರಿಸಿದ. ಬಟ್ಟೆಯ ಗುಡ್ಡೆಯ ನಡುವೆ ಹೆಂಡತಿ ಕುಳಿತಿದ್ದರು. ಗಲ್ಲದ ಕೆಳಗೆ ದಿಂಬಿನ ಚೀಲ ಒತ್ತಿ ಹಿಡಿದು ಅದರ ಎರಡು ಮೂಲೆ ಸೇರಿಸುತ್ತಿದ್ದವರು ಹಾಗೆಯೇ ತಲೆಯೆತ್ತಿ ಗಂಡನನ್ನು ನೋಡಿದರು. ಪೆಟ್ಟಿಗೆ ಕೈಕೊಟ್ಟಿತ್ತು, ಹಾಡು ಬಾಯಲ್ಲೇ ಇತ್ತು, ಅಭ್ಯಾಸಬಲದಿಂದ ಗುನುಗಿದ್ದು ಎಂದರು. ಶಿಶುವಿಹಾರದಲ್ಲಿ ಮಧ್ಯಾಹ್ನ ಒಂದು ಕೋಣೆ ಮಕ್ಕಳನ್ನು ಮಲಗಿಸುವುದು ಆಕೆಯ ಕೆಲಸ. ಮನೆಯಲ್ಲಿ ಯಾಕೆ ಹಾಡಲಿಲ್ಲವೆಂದರೆ, ಹಾಡಿದರೆ ಅದಕ್ಕೂ ಎಷ್ಟೋ ಒಂದು ಅಂಕ ಬರುತ್ತದಲ್ಲ, ಅದಕ್ಕೆ.

ಮೇಷ್ಟ್ರಿಗೆ ನಾಚಿಕೆಯಾಯಿತು. ಸಂತೋಷವೂ ಆಯಿತು. ಎರಡರಲ್ಲಿ ಯಾವುದು ಹೆಚ್ಚೆಂದು ಅಳೆಯುವಷ್ಟರಲ್ಲಿ ಆಕೆ ಎದ್ದು ಹೋಗಿ ಸೂಟ್‌ಕೇಸ್ ತೆರೆದದ್ದನ್ನು ಕಂಡರು. ಮಡಚಿದ ಬಟ್ಟೆಯೆಲ್ಲ ಒಂದೊಂದಾಗಿ ಅದರೊಳಕ್ಕೆ ಹೋಗುತ್ತಿತ್ತು.

"ಏನಿದು?"

"ಪ್ರಥಮ ಸ್ಥಾನ ಬಂದದ್ದು ಅದೇ ದಿನ ಅಮ್ಮನ ಮನೆಗೆ ಹೊರಡಬೇಕು ಅಂದ್ರಲ್ಲ."

"ಅದು ಪೆಟ್ಟಿಗೆಗೆ ಹೇಳಿದ್ದು."

"ಯಾವುದೇ ಆಗಿರಲಿ, ಯಾರದ್ದೇ ಆಗಿರಲಿ ಅಂದ್ರಿ. ನಿಮ್ಮದೇ ತಾನೇ ನಾನು?"

ಈ ಪ್ರಶ್ನೆಗೆ ಹೌದೆಂದರೂ ಕಷ್ಟ, ಅಲ್ಲವೆಂದರೆ ಇನ್ನೂ ಕಷ್ಟ. ಮೇಷ್ಟ್ರು ಕಡೆಯ ಅಸ್ತ್ರ ತೆಗೆದರು. ವಾದ್ಯಗಳ ಸಹಕಾರ ಇರಲಿಲ್ಲ, ಎರಡನೇ ಚರಣದಲ್ಲಿ ಲಾ ಲಾ ಆಯಿತು, ಪುನಃ ಪರಿಶೀಲಿಸಿದರೆ ಎಪ್ಪತ್ತೆರಡರ ಆಸುಪಾಸಿಗೆ ಬರಬಹುದು ಎಂದರು. ಹೆಂಡತಿ ಸೀರೆಯೊಂದನ್ನು ಸೂಟ್‌ಕೇಸಿನೊಳಗೆ ಇಡುತ್ತಾ, ಅಂಕ ಸಾಲದೆಂದು ಹುಡುಗರು ಅಳುತ್ತ ಬಂದಾಗ ನೀವು ಏನು ಹೇಳಿ ಕಳುಹಿಸುತ್ತೀರಿ ಎಂದು ಕೇಳಿದರು.

"ಕೊಟ್ಟದ್ದು ಕೊಟ್ಟಾಯ್ತು ಅಂತೀನಿ," ಎಂದರು ಮೇಷ್ಟ್ರು ಸಣ್ಣ ದನಿಯಲ್ಲಿ.

"ಸರಿ ಮತ್ತೆ."

ಆ ಸಂಜೆಯ ಬಸ್ಸಿಗೆ ಸೂಟ್‌ಕೇಸ್ ಹೊತ್ತವರು ಮೇಷ್ಟ್ರೇ. ಷಡ್ಡಕ ದಾರಿಯುದ್ದಕ್ಕೂ ಮುಖ ಆಚೆ ತಿರುಗಿಸಿಕೊಂಡು ನಗುತ್ತಿದ್ದ.

ಮುಂದಿನ ದಿನಗಳ ಮೇಷ್ಟ್ರ ಚಹಾದ ವಿಷಯ ಬೇಡ. ಎರಡೂವರೆಗಿಂತ ಮೇಲೆ ಅದು ಏಳಲೇ ಇಲ್ಲ. ಆದರೆ ಅವರ ಜಂಬ ಇಳಿಯಿತೆಂದು ಯಾರಾದರೂ ತಿಳಿದಿದ್ದರೆ ಅದು ತಪ್ಪು. ಶಿಕ್ಷಕರ ಕೊಠಡಿಯಲ್ಲಿ ಅವರು ಬೇಡವೆಂದರೂ ಬಿಡದೆ ಕಥೆ ಹೇಳುತ್ತಿದ್ದರು. ನನ್ನ ಕೈಯಲ್ಲಿ ಪೂರ್ತಿ ಅಂಕ ತೆಗೆದುಕೊಂಡವರು ಇಡೀ ಭೂಗೋಳದಲ್ಲಿ ಒಬ್ಬರೇ, ಅದೂ ಹೆಸರು ಗೊತ್ತಿಲ್ಲದೆ, ಮುಖ ನೋಡದೆ, ನಿಷ್ಪಕ್ಷಪಾತವಾಗಿ ಕೊಟ್ಟದ್ದು ಎನ್ನುತ್ತಿದ್ದರು. ಕಡೆಯ ಮಾತನ್ನು ಹೇಳುವಾಗ ಅವರ ಎದೆ ಅಂಗಿಯ ಗುಂಡಿಗಳಿಗೆ ಭಾರವಾಗುತ್ತಿತ್ತು. ಹೆಂಡತಿಯೆಂದು ಗೊತ್ತಿದ್ದರೆ ಎಷ್ಟು ಕೊಡುತ್ತಿದ್ದಿರಿ ಎಂದು ಗಣಿತದ ಮೇಡಂ ಒಮ್ಮೆ ಕೇಳಿದರು. ಮೇಷ್ಟ್ರು ಅವತ್ತು ತರಗತಿಗೆ ಸ್ವಲ್ಪ ಬೇಗನೇ ಹೊರಟರು.

ತಿಂಗಳು ಕಳೆಯಿತು. ಅವತ್ತು ಷಡ್ಡಕ ತನ್ನ ಹೆಂಡತಿ ಕಳುಹಿಸಿದ ಊಟದ ಡಬ್ಬಿ ಹಿಡಿದು ಬಂದಿದ್ದಾಗ ಅತ್ತೆಯ ಫೋನ್ ಬಂತು. ಕಾಲು ಸರಿಹೋಗಿದೆ, ಡಾಕ್ಟರು ಓಡಾಡಲು ಹೇಳಿದ್ದಾರೆ ಎಂದರು. ಇಷ್ಟು ವರ್ಷ ನಿಮ್ಮನ್ನು ಬರೀ ಕಡಿಯುವವರು ಎಂದುಕೊಂಡಿದ್ದೆ ಅಳಿಯಂದಿರೇ, ಆರಿಸಿ ಕಳುಹಿಸಿದಿರಿ ನೋಡಿ, ಅದು ಕೊಡುಗೆ ಎಂದರು. ಅಷ್ಟರಲ್ಲಿ ಅವರ ಹಿಂದಿನಿಂದ, ಪಾತ್ರೆಯ ಸದ್ದಿನ ನಡುವೆ, ಆ ಹಾಡು ತೇಲಿಬಂತು. ಮೇಷ್ಟ್ರು ರಿಸೀವರನ್ನು ಷಡ್ಡಕನ ಕಿವಿಗೆ ಒತ್ತಿದರು.

"ಕೇಳು ಮಹಾರಾಯ. ನಮ್ಮನೇದು," ಎಂದರು. ಅವರ ಮುಖ ಹೆಮ್ಮೆಯಿಂದ ಅರಳಿತ್ತು.

ಷಡ್ಡಕ ಕೇಳಿದ, ತಲೆದೂಗಿದ, ರಿಸೀವರ್ ವಾಪಸು ಕೊಟ್ಟ. ಮೇಷ್ಟ್ರು ಗತ್ತಿನಿಂದಲೇ ಅತ್ತೆಗೆ, ಕಾಲು ವಾಸಿಯಾದದ್ದು ಬಹಳ ಸಂತೋಷ, ಭಾನುವಾರ ನಾನೇ ಬಂದು ನಿಮ್ಮ ಮಗಳನ್ನು ಕರೆದುಕೊಂಡು ಹೋಗುತ್ತೇನೆ ಎಂದರು. ಆ ಕಡೆ ಹಾಡು ಇನ್ನೂ ಮುಂದುವರಿದಿತ್ತು.

"ಏನು ಅಳಿಯಂದ್ರೇ," ಎಂದರು ಅತ್ತೆ, "ಕೊಡುಗೆ ಕೊಟ್ಟು ವಾಪಸು ಕೇಳ್ತಾರೇನು ಯಾರಾದ್ರೂ?"